60 ಎಂದು ಹೇಳಿ 34ಕ್ಕೆ ನಿಂತ ದಮಯಂತಿ: ಒಂದು ಸ್ಕ್ರೀನ್ ಪ್ರಿಂಟ್ ಪ್ರಕರಣ

ದಮಯಂತಿಯ ಕೆನ್ನೆಗೂ ಅವಳ ಹಿಂದಿನ ಗೋಡೆಯ ಹಸಿರಿಗೂ ನಡುವೆ ಒಂದು ಬಿಳಿ ಸೀಳು. ಅಳತೆಪಟ್ಟಿ ಇಟ್ಟು ನೋಡಿದರೆ 1.5 ಮಿಲಿಮೀಟರ್. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ 21 ಹಾಳೆ ಮುದ್ರಿಸಿದರೂ ಕಣ್ಣಿಗೆ ಬೀಳದಿದ್ದ ಅದು, ಬೆಳಿಗ್ಗೆ ಬಾಗಿಲ ಬೆಳಕಿಗೆ ಹಿಡಿದ ಮೊದಲ ಹಾಳೆಯಲ್ಲೇ ಎದ್ದು ಕಂಡಿತು. ಮುದ್ರಕರು ಮಾತನಾಡದೆ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎಲ್ಲದರಲ್ಲೂ ಅದೇ ಸೀಳು, ಅದೇ ಜಾಗದಲ್ಲಿ.

ನಾನು ಮಂಗಳೂರಿನಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿ ನಡೆಸುತ್ತೇನೆ. ರವಿವರ್ಮನ ದಮಯಂತಿಯನ್ನು ನಮ್ಮೂರ ಗೋಡೆಗೆ ತಂದ ಒಬ್ಬ ಕಲಾವಿದೆಯ ಚಿತ್ರವನ್ನು ಸ್ಕ್ರೀನ್ ಪ್ರಿಂಟ್ (ಜಾಲರಿಯ ಮೂಲಕ ಒಂದೊಂದೇ ಬಣ್ಣ ಒತ್ತುವ ಅಚ್ಚು) ಮಾಡಿದ ಕತೆ ಇದು. ಇದರಲ್ಲಿ ನನ್ನ ಪಾಲಿಗೆ ಬಂದದ್ದು ಲೆಕ್ಕಪುಸ್ತಕ, ಬುಕಿಂಗ್ ಪಟ್ಟಿ, ಮತ್ತು ಕಡೆಯಲ್ಲಿ ಅಂಗಡಿಯ ಒಳಕೋಣೆಯ ಎಸಿ. ಇಷ್ಟೇ ಪ್ರತಿ ಎಂದು ಎಣಿಸಿ ಸಹಿ ಹಾಕುವ ಸೀಮಿತ ಆವೃತ್ತಿಯ ಮುದ್ರಣ ಮಾಡಬೇಕೆಂದಿರುವ ಕಲಾವಿದರಿಗೂ, ಅಂಥದನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬರಬಹುದೆಂದು ನಡೆದದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕಲಾವಿದೆಯ ಮತ್ತು ಮುದ್ರಕರ ಒಪ್ಪಿಗೆ ಇದೆ. ಹೆಸರು ಬೇಡವೆಂದು ಇಬ್ಬರೂ ಹೇಳಿದ್ದಾರೆ.

ಚಿತ್ರ ಹುಟ್ಟಿದ್ದು

ಶುರುವಾದದ್ದು ಒಂದು ಹಳೆಯ ಫ್ರೇಮಿನಿಂದ. ಕಲಾವಿದೆ ತನ್ನ ಅಜ್ಜಿಯ ಮನೆಯ ಚಾವಡಿಯಲ್ಲಿದ್ದ ರವಿವರ್ಮನ ಹಂಸ ದಮಯಂತಿಯನ್ನು ಗಾಜು ಬದಲಿಸಲೆಂದು ನನ್ನ ಅಂಗಡಿಗೆ ತಂದಿದ್ದರು. ಹಿಂದಿನ ಹಲಗೆ ಗೆದ್ದಲು ತಿಂದು ಪುಡಿಯಾಗಿತ್ತು. ಗಾಜು ತೆಗೆದಾಗ ಗೊತ್ತಾಯಿತು, ಸೀರೆಯ ಅಂಚಿಗೆ ಯಾರೋ ನಿಜವಾದ ಜರಿಯನ್ನು ಅಂಟಿಸಿದ್ದರು. ಕೊರಳಿನ ಸರಕ್ಕೆ ಸಣ್ಣ ಸಣ್ಣ ಮಣಿಗಳು. ಎಣ್ಣೆಬಣ್ಣದ ಚಿತ್ರವನ್ನು ಹೋಲುವ ಹಳೆಯ ಬಣ್ಣದಚ್ಚಿನ ಓಲಿಯೋಗ್ರಾಫ್‌ಗಳಿಗೆ ಹೀಗೆ ಬಟ್ಟೆ, ಜರಿ, ಮಿಂಚು ಅಂಟಿಸಿ ಅಲಂಕರಿಸುವ ರೂಢಿ ಇತ್ತು. ಕಲಾವಿದೆ ಭೂತಗನ್ನಡಿ ಕೇಳಿ ಪಡೆದು ಒಂದು ಗಂಟೆ ಅದರ ಮೇಲೆ ಬಾಗಿ ಕುಳಿತಿದ್ದರು. ಎದ್ದಾಗ ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ: "ಅಣ್ಣ, ಇದು ಅಚ್ಚಿನ ಚಿತ್ರ. ಆದರೂ ಮನೆಯವರು ಇದನ್ನು ತಮ್ಮದೇ ಮಾಡಿಕೊಂಡಿದ್ದಾರೆ."

ಅವರ ಕಸುಬು ಗೋಡೆ. ಊರಿನ ಕಾಂಪೌಂಡುಗಳ ಮೇಲೆ ಹುಲಿವೇಷ, ಯಕ್ಷಗಾನದ ಮುಖ, ಮೀನುಗಾರರ ದೋಣಿ ಬರೆದವರು. ಗೋಡೆಯ ಮೇಲೆ ಶಾಸ್ತ್ರೀಯ ಚಿತ್ರಕಲೆ ಈ ಊರಿಗೆ ಹೊಸದೇನಲ್ಲ. ಇಟಲಿಯ ಅಂತೋನಿಯೊ ಮೊಸ್ಕೆನಿ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಮತ್ತು ಮಾಡನ್ನು ಚಿತ್ರಗಳಿಂದ ತುಂಬಿದ್ದು ರವಿವರ್ಮ ಹಂಸ ದಮಯಂತಿಯನ್ನು ಬರೆದ 1899ರ ಆಸುಪಾಸಿನಲ್ಲಿಯೇ. ಶಾಲೆಯಲ್ಲಿದ್ದಾಗ ಅಲ್ಲಿ ಕತ್ತೆತ್ತಿ ನಿಂತು ಕತ್ತು ನೋಯಿಸಿಕೊಂಡವರಲ್ಲಿ ಈ ಕಲಾವಿದೆಯೂ ಒಬ್ಬರು.

ಮೂರು ತಿಂಗಳ ನಂತರ ಅವರು ತಂದ ಕರಡಿನಲ್ಲಿ ದಮಯಂತಿ ಒರಗಿ ನಿಂತದ್ದು ಅರಮನೆಯ ಕಟ್ಟೆಗಲ್ಲ, ಮಳೆಗೆ ಕಪ್ಪಾಗಿ ಪಾಚಿ ಹಿಡಿದ ನಮ್ಮ ಮುರಕಲ್ಲಿನ ಗೋಡೆಗೆ. ಹಂಸದ ಜಾಗದಲ್ಲಿ ಹಳೆ ಬಂದರಿನ ಬೆಳ್ಳಕ್ಕಿ. ಗೋಡೆಯ ತುಂಬ ಒಂದರ ಮೇಲೊಂದು ಅಂಟಿಸಿ ಹರಿದ ಯಕ್ಷಗಾನದ ಪೋಸ್ಟರುಗಳ ತುಣುಕುಗಳು, ಮೇಲೆ ಸ್ಟೆನ್ಸಿಲಿನಲ್ಲಿ "ಇಲ್ಲಿ ಭಿತ್ತಿಪತ್ರ ಅಂಟಿಸಬಾರದು". ಸೀರೆಯ ಕೆಂಪು ಕೆಳಗಿಳಿಯುತ್ತಾ ಸ್ಪ್ರೇ ಬಣ್ಣದಂತೆ ಸುರಿದು ಗೋಡೆಯ ಬುಡ ಸೇರುತ್ತಿತ್ತು. ಜರಿಯ ಅಂಚು ಮಾತ್ರ ಅಜ್ಜಿಯ ಮನೆಯದ್ದು, ಎಳೆ ಎಳೆಯಾಗಿ ಹಾಗೆಯೇ ಇತ್ತು. ನಾನು ಕಂಡಂತೆ ಈ ಚಿತ್ರದ ಜೀವ ಆ ಅಂಚಿನಲ್ಲಿದೆ.

ಹಕ್ಕಿನ ವಿಚಾರ ಬೇಗ ಮುಗಿಯಿತು. ಮೊದಲು ಅವರಿಗೆ ಕೆ.ಕೆ. ಹೆಬ್ಬಾರರ ರೇಖೆಗಳ ಮೇಲೆ ಕೆಲಸ ಮಾಡುವ ಆಸೆ ಇತ್ತು. ಉಡುಪಿ ಬಳಿಯ ಕಟ್ಟಿಂಗೇರಿಯವರು, ನಮ್ಮವರೇ ಎಂಬ ಅಭಿಮಾನ. ಆದರೆ ಭಾರತದಲ್ಲಿ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ನಂತರವೂ 60 ವರ್ಷ ಇರುತ್ತದೆ. ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ, ಅಂದರೆ 2056ರ ಕೊನೆಯವರೆಗೆ ವಾರಸುದಾರರ ಅನುಮತಿ ಬೇಕು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಕಲಾವಿದೆ ಯಾರದೋ ಫೋಟೊ ಬಳಸದೆ ಮನೆಯ ಓಲಿಯೋಗ್ರಾಫನ್ನು ನೋಡಿ ಕೈಯಲ್ಲಿ ಬರೆದದ್ದರಿಂದ ಫೋಟೊದ ಹಕ್ಕಿನ ತಕರಾರೂ ಇರಲಿಲ್ಲ. ದುಬೈಯಲ್ಲಿರುವ ಒಬ್ಬರು, ರವಿವರ್ಮನ ಚಿತ್ರ ದೇಶದ ಹೊರಗೆ ಒಯ್ಯಬಾರದಲ್ಲವೇ ಎಂದು ಕೇಳಿದರು. 1979ರಲ್ಲಿ ರಾಷ್ಟ್ರೀಯ ಕಲಾನಿಧಿ ಎಂದು ಸಾರಿ ಹೊರದೇಶಕ್ಕೆ ತಡೆ ಹಾಕಿರುವುದು ಅವನ ಕೃತಿಗಳಿಗೆ. ಇದು ಈಗಿನವರ ಹೊಸ ಕೃತಿ, ಆ ತಡೆ ಇದಕ್ಕಿಲ್ಲ ಎಂದು ತಿಳಿಸಿದೆ.

60 ಎಂಬ ಸಂಖ್ಯೆ ಎಲ್ಲಿಂದ ಬಂತು

ಇಲ್ಲಿ ನಾವು ತಪ್ಪಿದೆವು. ಮುದ್ರಣಕ್ಕೆ ಮೊದಲೇ 60 ಪ್ರತಿ ಎಂದು ಘೋಷಿಸಿದೆವು. ಯಾಕೆ 60? ಕೆಲಸದಿಂದ ಹೊರಟ ಸಂಖ್ಯೆ ಅದಾಗಿರಲಿಲ್ಲ. ಒಂದು ಪ್ರತಿಗೆ 4,500 ರೂಪಾಯಿ ಇಟ್ಟರೆ 60ಕ್ಕೆ 2,70,000 ಆಗುತ್ತದೆ, ಕಾಗದ, ಕೂಲಿ, ಒಂದೊಂದು ಬಣ್ಣಕ್ಕೆ ಒಂದರಂತೆ ಜಾಲರಿ ಬಿಗಿದ ಆರು ಚೌಕಟ್ಟುಗಳ ಖರ್ಚು ಕಳೆದು ಕಲಾವಿದೆಗೆ ಇಷ್ಟು ಉಳಿಯುತ್ತದೆ ಎಂದು ನನ್ನ ಲೆಕ್ಕಪುಸ್ತಕದಲ್ಲಿ ಹುಟ್ಟಿದ ಸಂಖ್ಯೆ. ಅರ್ಧ ಮುಂಗಡ ಪಡೆದು ಬುಕಿಂಗ್ ತೆರೆದೆವು. ಎರಡು ವಾರದಲ್ಲಿ 44 ಜನ ತಲಾ 2,250 ರೂಪಾಯಿ ಕೊಟ್ಟರು.

ಸೀಮಿತ ಆವೃತ್ತಿಗೆ ಮೊದಲೇ ಸಂಖ್ಯೆ ಹೇಳುವುದು ಲೋಕರೂಢಿ. ಇಟಲಿಯ ಹಳೆಯ ಚಿತ್ರಕಾರ ಬೊತ್ತಿಚೆಲ್ಲಿಯ ವೀನಸ್‌ನ ಮುಖವನ್ನು ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1984ರಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದಾಗ ಆವೃತ್ತಿ 70. ಬೀದಿಗೋಡೆಯಿಂದ ಬಂದ ಬ್ಯಾಂಕ್ಸಿ ತನ್ನ ಬಲೂನಿನ ಹುಡುಗಿಯನ್ನು 2004ರಲ್ಲಿ ಮುದ್ರಿಸಿದಾಗ ಸಹಿ ಇರುವವು 150, ಸಹಿ ಇಲ್ಲದವು 600. ಅವರ ಹಿಂದೆ ಇಂಥ ಆವೃತ್ತಿಗಳಲ್ಲಿ ಪಳಗಿದ ಮುದ್ರಕರಿದ್ದರು. ನಮ್ಮ ಹಿಂದೆ ಇದ್ದದ್ದು ಮದುವೆ ಆಮಂತ್ರಣ ಪತ್ರಿಕೆ ಅಚ್ಚು ಹಾಕುವ ಒಂದು ಕೋಣೆ, ಒಬ್ಬರ ಎರಡು ಕೈ.

ಇನ್ನೊಂದು ಪ್ರಶ್ನೆ ನನ್ನನ್ನು ಆಗಲೂ ಕಾಡಿತ್ತು. ಈ ಚಿತ್ರದ ತಾಯಿ ತಂದೆ ಇಬ್ಬರೂ ಎಲ್ಲರಿಗೆ ಸೇರಿದವರು. ಗೋಡೆಯ ಚಿತ್ರವನ್ನು ದಾರಿಹೋಕರೆಲ್ಲ ದುಡ್ಡು ಕೊಡದೆ ನೋಡುತ್ತಾರೆ. ರವಿವರ್ಮನಾದರೂ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಹಾಕಿದ್ದು ಅರಮನೆಯ ಚಿತ್ರ ಬಡವರ ಮನೆಗೂ ಹೋಗಲಿ ಎಂದೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಟ್ಟು ಸಾವಿರಗಟ್ಟಲೆ ಅಚ್ಚು ತೆಗೆದರು. ಕಲ್ಲಚ್ಚು ನಮ್ಮೂರಿಗೂ ಗೊತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಇಲ್ಲಿಯೇ ಕಲ್ಲಚ್ಚಿನಲ್ಲಿ ಹೊರಬಂತು. ಹೀಗೆ ಹಂಚುವುದಕ್ಕೆಂದೇ ಹುಟ್ಟಿದ ಎರಡು ಕಲೆಗಳನ್ನು ಸೇರಿಸಿ, ಇಷ್ಟೇ ಜನಕ್ಕೆ ಎಂದು ಬೇಲಿ ಹಾಕಲು ನಮಗೆ ಏನು ಕಾರಣವಿತ್ತು? ಉತ್ತರ ಸಿಕ್ಕಿದ್ದು ಮಳೆ ಬಂದ ಮೇಲೆ.

ಕಾಗದ ಬೆಳೆಯಿತು

ಚಿತ್ರಕ್ಕೆ ಆರು ಬಣ್ಣ: ಮುರಕಲ್ಲಿನ ಕೆಂಗಂದು, ಮೈಬಣ್ಣ, ಹಳೆ ಪೋಸ್ಟರಿನ ಮಾಸಿದ ನೀಲಿ, ಪಾಚಿಯ ಹಸಿರು, ಸೀರೆಯ ಕೆಂಪು, ಕೊನೆಗೆ ಗೆರೆ ಮತ್ತು ನೆರಳು ತೋರಿಸುವ ಸಣ್ಣ ಹಾಫ್‌ಟೋನ್ ಚುಕ್ಕಿಗಳ ಕಪ್ಪು. ಬಿಡಿ ಬಣ್ಣಗಳಿಗೆ ಸೆಂಟಿಮೀಟರಿಗೆ 77 ಎಳೆಯ ಮೆಶ್ (ಜಾಲರಿ ಬಟ್ಟೆ), ಚುಕ್ಕಿಗಳಿಗೆ ಸಣ್ಣ ಕಣ್ಣಿನ 120ರ ಮೆಶ್. ಕಾಗದ 300 ಜಿಎಸ್‌ಎಂನ ಹತ್ತಿಯ ಕಾಗದ, 22 ಇಂಚು ಅಗಲ, 30 ಇಂಚು ಉದ್ದ. ಹಾಳಾಗುವುದನ್ನೂ ಲೆಕ್ಕ ಹಾಕಿ 75 ಹಾಳೆ ತರಿಸಿದ್ದೆವು. ಮುದ್ರಕರಿಗೆ ಅಭ್ಯಾಸವಿದ್ದದ್ದು ಘಾಟು ವಾಸನೆಯ ಸಾಲ್ವೆಂಟ್ ಇಂಕು. ಕಿಟಕಿ ಒಂದೇ ಇರುವ ಕೋಣೆಯಲ್ಲಿ ವಾರಗಟ್ಟಲೆ ಅದನ್ನು ಉಸಿರಾಡುವುದು ಬೇಡವೆಂದು ಕಲಾವಿದೆ ನೀರಿನ ಇಂಕನ್ನೇ ಹಿಡಿದರು. ಆ ನಿರ್ಧಾರ ಸರಿಯಾದದ್ದೇ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ನೀರಿನ ಇಂಕಿಗೆ ಒಣ ಹವೆ ಬೇಕು.

ಏಪ್ರಿಲಿನಲ್ಲಿ ಮುಗಿಯಬೇಕಿದ್ದ ಕೆಲಸ ಕಲಾವಿದೆಯ ಬೇರೊಂದು ಗೋಡೆ ತಡವಾದ ಕಾರಣ ಮೇ ಕೊನೆಗೆ ಹೋಯಿತು. ಮೊದಲ ಮೂರು ಬಣ್ಣ ಆ ಸೆಕೆಯಲ್ಲಿ ಚೆನ್ನಾಗಿ ಕೂತವು. ಜೂನ್ ಮೊದಲ ವಾರ ಮಳೆ ಹಿಡಿಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು, ಅದರಲ್ಲಿ ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲಿ. ಮರ ಬಿದ್ದು ಕರೆಂಟು ಹೋಯಿತು, ಎಂಟು ದಿನ ಕೆಲಸ ನಿಂತಿತು. ಹಾಳೆಗಳು ರ್ಯಾಕಿನಲ್ಲಿ ತೆರೆದೇ ಇದ್ದವು.

ಕಾಗದದ ನಾರು ತೇವ ಕುಡಿದರೆ ಉದ್ದಕ್ಕೆ ಬೆಳೆಯುವುದು ಕಡಿಮೆ, ಅಡ್ಡಕ್ಕೆ ಉಬ್ಬುವುದು ಹೆಚ್ಚು. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುವುದರಿಂದ ಹಾಳೆಯೂ ಹೆಚ್ಚಾಗಿ ಆ ನಾರಿಗೆ ಅಡ್ಡಕ್ಕೆ ಹಿಗ್ಗುತ್ತದೆ. ಕರೆಂಟು ಬಂದ ರಾತ್ರಿ ತಡವಾಯಿತೆಂಬ ಅವಸರದಲ್ಲಿ ಮುದ್ರಕರು ಹಸಿರನ್ನು ಎಳೆಯತೊಡಗಿದರು. ಹಾಳೆಯನ್ನು ಮೂಲೆಯ ಗುರುತಿಗೆ ಕೂರಿಸಿದರೆ ಎಡಗಡೆ ಎಲ್ಲ ಸರಿ. ಪಾಚಿಯ ಬಣ್ಣವಾದ್ದರಿಂದ ಗೋಡೆಯ ಮೇಲೆ ಅತ್ತಿತ್ತ ಸರಿದರೂ ಗೊತ್ತಾಗದು. ಗೊತ್ತಾಗುವ ಜಾಗ ಒಂದೇ, ಹಸಿರು ದಮಯಂತಿಯ ಕೆನ್ನೆಗೆ ತಾಗುವಲ್ಲಿ. ಅಲ್ಲಿ ಹಾಳೆ 1.5 ಮಿಲಿಮೀಟರ್ ಮುಂದೆ ಹೋಗಿತ್ತು.

ಇದರಲ್ಲಿ ಮುದ್ರಕರ ತಪ್ಪಿಗಿಂತ ನಮ್ಮ ತಪ್ಪು ಹೆಚ್ಚು. ಪಕ್ಕಪಕ್ಕದ ಎರಡು ಬಣ್ಣಗಳ ಅಂಚು ಒಂದರ ಕೆಳಗೆ ಒಂದು ಅರ್ಧ ಮಿಲಿಮೀಟರೋ ಒಂದೋ ಹೋಗುವಂತೆ ಮೊದಲೇ ಬಿಡಿಸಿದ್ದರೆ ಈ ಸೀಳಿನ ಬಹುಪಾಲು ಮುಚ್ಚಿಹೋಗುತ್ತಿತ್ತು. ಆಮಂತ್ರಣ ಪತ್ರಿಕೆಯ ಕೆಲಸದಲ್ಲಿ ಮುದ್ರಕರು ಅದನ್ನು ಯಾರೂ ಹೇಳದೆ ಮಾಡುತ್ತಾರೆ. ಒಂದೊಂದು ಬಣ್ಣಕ್ಕೆ ಬೇರೆ ಬೇರೆಯಾಗಿ ಮಾಡಿದ ನಮ್ಮ ಫಿಲ್ಮ್ ನೋಡಿದ ದಿನವೇ ಕೇಳಿದ್ದರಂತೆ, ಅಂಚು ಸ್ವಲ್ಪ ಒಳಗೆ ಬಿಡುವುದಾ ಎಂದು. ಬೇಡ, ಹರಿದ ಪೋಸ್ಟರಿನ ಅಂಚು ಕತ್ತರಿಸಿದಂತೆ ಇರಬೇಕು ಎಂದು ಕಲಾವಿದೆ ಹೇಳಿದ್ದರು. ಮಳೆಗಾಲದ ಕಾಗದವನ್ನು 40 ವರ್ಷ ಕಂಡ ಕೈಯ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದ ಹಾಳೆಗಳನ್ನು ಉಳಿಸಿಕೊಳ್ಳಲು ಮೊದಲು ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದೆವು. ಕುಗ್ಗಿದವು ನಿಜ, ಆದರೆ ಅಂಚು ಮುರುಟಿ ನಡು ಉಬ್ಬಿತು. ಆಮೇಲೆ ಹೊಳೆದದ್ದು ನನ್ನ ಅಂಗಡಿಯ ಒಳಕೋಣೆ. ಮೌಂಟ್ ಬೋರ್ಡು ಬಾಗಬಾರದೆಂದು ಅಲ್ಲಿ ಎಸಿ ಹಾಕಿಸಿದ್ದೆ. ತೇವಾಂಶದ ಮೀಟರು ಮುದ್ರಕರ ಕೋಣೆಯಲ್ಲಿ ಶೇಕಡಾ 88 ತೋರಿಸಿದರೆ ನನ್ನಲ್ಲಿ 55. ಮುದ್ರಣದ ಮೇಜನ್ನೇ ಆಟೋದಲ್ಲಿ ಹೇರಿಕೊಂಡು ಬಂದೆವು. ಹಾಳೆಗಳನ್ನು ಎರಡು ದಿನ ಬಿಡಿಬಿಡಿಯಾಗಿ ಅಲ್ಲಿ ಹರಡಿ, ಅಳತೆ ಮೇ ತಿಂಗಳಿನದಕ್ಕೆ ಬಂತೆಂದು ಖಾತ್ರಿಯಾದ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಒಂದೊಂದೇ ಹೊರತೆಗೆದು ಎಳೆದು, ಒಣಗಿದೊಡನೆ ಮತ್ತೆ ಕವರಿಗೆ. ಮೂರು ಬಣ್ಣಕ್ಕೆ ಹನ್ನೊಂದು ದಿನ ಹಿಡಿಯಿತು. ಇಂಕನ್ನು ಒತ್ತುವ ರಬ್ಬರ್ ಪಟ್ಟಿ ಸ್ಕ್ವೀಜಿಯನ್ನು ಎಳೆಯುವಾಗ ಕೇಳುವ ಆ ಒಂದೇ ಉಸಿರಿನ ಸದ್ದು ಸ್ವಲ್ಪ ಒಡೆದರೂ ಮುದ್ರಕರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡದೆ ಬಿಡುತ್ತಿರಲಿಲ್ಲ.

ಲೆಕ್ಕ ಹೀಗೆ ಬಂತು. 75ರಲ್ಲಿ 21 ಕೆನ್ನೆ ಸೀಳಿದವು. 7ಕ್ಕೆ ಬೂಸರು ಹಿಡಿದಿತ್ತು. 10 ಹದ ನೋಡುವುದಕ್ಕೆ ಹೋದವು. ಒಪ್ಪವಾಗಿ ಕೈಗೆ ಬಂದವು 37.

ಅಂಗಡಿಯಲ್ಲಿ ಕುಳಿತು ಮಾಡಿದ ತೀರ್ಮಾನ

ಜುಲೈಯ ಒಂದು ಸಂಜೆ ಮೂವರೂ ನನ್ನ ಅಂಗಡಿಯಲ್ಲಿ ಕುಳಿತೆವು. ಮುಂಗಡ ಕೊಟ್ಟವರು 44. ಕಲಾವಿದೆಗೆ ಎರಡು ಪ್ರತಿ, ಮುದ್ರಕರಿಗೆ ಒಂದು ತೆಗೆದಿಟ್ಟರೆ ಮಾರಲು ಉಳಿಯುವುದು 34.

ಕಲಾವಿದೆಯ ಮೊದಲ ಯೋಚನೆ, ಚೌಕಟ್ಟುಗಳನ್ನು ಹಾಗೆಯೇ ಇಟ್ಟುಕೊಂಡು ಬೇಸಗೆಯಲ್ಲಿ ಕೊರತೆಯನ್ನು ತುಂಬುವುದು. ಮಾತು ಉಳಿಯುತ್ತದೆ, ದುಡ್ಡೂ ಬರುತ್ತದೆ. ಮುದ್ರಕರು ತಲೆ ಅಲ್ಲಾಡಿಸಿದರು. "ಈ ಕೆಂಪನ್ನು ನಾನು ಕಣ್ಣಳತೆಯಲ್ಲಿ ಕಲಸಿದ್ದು ಮಾರಾಯ್ತಿ. ಮುಂದಿನ ವರ್ಷದ ಕೆಂಪು ಇದೇ ಕೆಂಪು ಆಗುವುದಿಲ್ಲ. ಎರಡನ್ನೂ ಒಂದೇ ಎಂದು ಹೇಗೆ ಕೊಡುತ್ತೀರಿ?"

ನಾನೂ ಒಂದು ದಾರಿ ಹೇಳಿದೆ. ಇರುವವಕ್ಕೇ 60ರಲ್ಲಿ ಒಂದು, 60ರಲ್ಲಿ ಎರಡು ಎಂದು ಬರೆದರಾಯಿತು, ಕಡಿಮೆ ಪ್ರತಿ ಇರುವುದರಿಂದ ಕೊಂಡವರಿಗೇನೂ ನಷ್ಟವಿಲ್ಲವಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅದು ತಪ್ಪೆಂದು ನನಗೇ ತಿಳಿಯಿತು. ಪ್ರತಿಯ ಕೆಳಗೆ ಪೆನ್ಸಿಲಿನಲ್ಲಿ ಬರೆಯುವ ಸಂಖ್ಯೆ ನಡೆದ ಕೆಲಸದ ಸಾಕ್ಷಿ. ನಡೆಯದ 26 ಮುದ್ರಣಗಳಿಗೆ ಸಾಕ್ಷಿ ಹಾಕಿದರೆ ಉಳಿದ 34ರ ಸಾಕ್ಷಿಗೂ ಬೆಲೆ ಇಲ್ಲ.

ಅದೇ ವಾರ ಉಡುಪಿ ಕಡೆಯ ಕಡಲತೀರದಲ್ಲಿ ಹೋಂಸ್ಟೇ ನಡೆಸುವವರೊಬ್ಬರು ಬಂದು ಸೀಳಿದ 21 ಹಾಳೆಗಳನ್ನು ನೋಡಿದರು. ಬೀದಿ ಚಿತ್ರವೆಂದರೆ ಹೀಗೆ ಒರಟಾಗಿಯೇ ಇರಬೇಕು, ತಲಾ 2,500 ಕೊಡುತ್ತೇನೆ, ಎಲ್ಲವನ್ನೂ ಕೊಡಿ ಎಂದರು. 52,500 ರೂಪಾಯಿ. ಮುಂಗಡ ಹಿಂದಿರುಗಿಸಬೇಕಿದ್ದ ದಿನಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ಬಣ್ಣ ಸರಿದ ಅಚ್ಚಿಗೆ ಅದರದೇ ಚೆಲುವಿದೆ. ಆದರೆ ಆ ಚೆಲುವನ್ನು ನಾವು ಬೇಕೆಂದು ಮಾಡಿದ್ದಲ್ಲ. ಬೇಡವೆಂದು ಎರಡು ವಾರ ಒದ್ದಾಡಿದ ಮೇಲೆ ಅದಕ್ಕೇ ದುಡ್ಡು ಪಡೆಯುವುದು ಕಲಾವಿದೆಗೆ ಒಗ್ಗಲಿಲ್ಲ. ಕೈಮುಗಿದು ಬೇಡವೆಂದರು.

ಕೊನೆಗೆ ಆವೃತ್ತಿ 34 ಎಂದಾಯಿತು. ಬುಕಿಂಗ್ ಮಾಡಿದ ಕ್ರಮದಲ್ಲಿ ಕೊನೆಯ ಹತ್ತು ಜನರಿಗೆ 22,500 ರೂಪಾಯಿ ಮುಂಗಡವನ್ನು ಕಾರಣ ಸಮೇತ ಪತ್ರ ಬರೆದು ಹಿಂದಿರುಗಿಸಿದೆವು. ಇಬ್ಬರು ಬೇಸರ ಮಾಡಿಕೊಂಡರು. ಒಬ್ಬರು ನನ್ನೊಡನೆ ಇನ್ನೂ ಮಾತನಾಡುತ್ತಿಲ್ಲ. ಬರಬೇಕಿದ್ದ 2,70,000ದ ಜಾಗದಲ್ಲಿ 1,53,000 ಬಂತು. ಮುದ್ರಕರ ಕೂಲಿಯನ್ನು ಮಾತ್ರ ಕಡಿಮೆ ಮಾಡಲಿಲ್ಲ.

ಸಹಿ ಹಾಕಿದ ದಿನ ನಡೆದ ಒಂದು ಸಂಗತಿಯನ್ನು ಬಿಡುವಂತಿಲ್ಲ. ಎಡಗಡೆ ಸಂಖ್ಯೆ, ಬಲಗಡೆ ಕಲಾವಿದೆಯ ಸಹಿ, ಪೆನ್ಸಿಲಿನಲ್ಲಿ. ಸೀಸದ ಕಡ್ಡಿಯ ಗೆರೆ ಹತ್ತಿಯ ಕಾಗದದಲ್ಲಿ ಕೊಂಚ ಅದುಮಿ ಕೂರುತ್ತದೆ, ಬೆಳಕಿಗೆ ಮಾಸುವುದಿಲ್ಲ, ತಿದ್ದಿದರೆ ತಿಳಿಯುತ್ತದೆ. ಎಲ್ಲ ಮುಗಿದ ಮೇಲೆ ಕಲಾವಿದೆ ಪೆನ್ಸಿಲನ್ನು ಮುದ್ರಕರ ಕಡೆ ಚಾಚಿದರು. ಸಂಖ್ಯೆಯ ಕೆಳಗೆ ಅವರ ಹೆಸರೂ ಬರಬೇಕೆಂದು. ಸಾವಿರಾರು ವಧೂವರರ ಹೆಸರು ಅಚ್ಚು ಹಾಕಿದ ಮನುಷ್ಯ, ಹಾಳಾದ ಹಾಳೆಯ ಹಿಂಬದಿಯಲ್ಲಿ ತನ್ನ ಹೆಸರನ್ನು ಏಳೆಂಟು ಸಲ ಬರೆದು ನೋಡಿದರು. ಅಕ್ಷರ ದೊಡ್ಡದಾಯಿತೇ ಎಂದು ಕೇಳಿದರು. ಆಮೇಲೆ 37 ಹಾಳೆಗಳಿಗೂ ಕನ್ನಡದಲ್ಲಿ, ಎಷ್ಟು ಚಿಕ್ಕದಾಗಿ ಸಾಧ್ಯವೋ ಅಷ್ಟು ಚಿಕ್ಕದಾಗಿ ಬರೆದರು.

ಮರುದಿನ, ಮತ್ತೆ ಪ್ರತಿ ತೆಗೆಯಲಾಗದಂತೆ, ಮುದ್ರಕರು ಆರೂ ಚೌಕಟ್ಟುಗಳಿಗೆ ಬ್ಲೀಚ್ ಹಾಕಿ ತೊಳೆದರು. ಕೊಂಡವರಲ್ಲಿ ಮೂವರನ್ನು ನೋಡಲು ಕರೆದಿದ್ದೆವು. ಜರಿಯ ಅಂಚು ಮೆಶ್ ಬಿಟ್ಟು ತೆಳ್ಳಗೆ ಜಾರಿ ಬಚ್ಚಲಿನ ಕಡೆ ಹೋಯಿತು. ಇಷ್ಟೇ ಪ್ರತಿ ಎನ್ನುವುದಕ್ಕೆ ಕಾರಣ ಅಂದು ನನಗೆ ಸಿಕ್ಕಿತು. ಒಂದು ಕೈ, ಒಂದು ಕೋಣೆ, ಒಂದು ಹವೆಯಲ್ಲಿ ಎಷ್ಟು ಚೆನ್ನಾಗಿ ಆಗುತ್ತದೋ ಅಷ್ಟು.

ಸೀಳಿದ ಹಾಳೆಗಳು

ನಾನು 21ನ್ನೂ ಹರಿದು ಹಾಕಬೇಕೆಂದಿದ್ದೆ. ಕಲಾವಿದೆ ಒಪ್ಪಲಿಲ್ಲ. ಅವು ಗೋಡೆಗೆ ಹೋಗಲಿ ಎಂದರು. ಸಾರ್ವಜನಿಕ ಜಾಗಗಳಲ್ಲಿ ಅಂಟಿಸುವುದಕ್ಕೆ ಬಯಲು ಜಾಗಗಳ ಅಂದ ಕೆಡಿಸುವುದನ್ನು ತಡೆಯುವ ಕರ್ನಾಟಕದ 1981ರ ಕಾಯ್ದೆ ಅಡ್ಡಬರುತ್ತದೆ. ಹಳೆ ಬಂದರಿನ ಬಳಿ ಪರಿಚಯದವರ ಹಂಚಿನ ಮಾಡಿನ ಗೋದಾಮು ಇದೆ. ಅದರ ಒಳ ಅಂಗಳದ ಗೋಡೆಗೆ ಮಾಲೀಕರು ಒಪ್ಪಿಗೆ ಕೊಟ್ಟರು. ಆಟಿ (ತುಳುನಾಡಿನ ಆಷಾಢ) ತಿಂಗಳಲ್ಲಿ ಒಂದು ದಿನ ಮಳೆ ಹೊಳವಾದಾಗ ಮೈದಾ ಕುದಿಸಿ ಅಂಟು ಮಾಡಿ, ಸಹಿ ಇಲ್ಲದೆ, ಸಂಖ್ಯೆ ಇಲ್ಲದೆ 21 ದಮಯಂತಿಯರನ್ನು ಸಾಲಾಗಿ ಅಂಟಿಸಿದರು. ಗೋಣಿ ಹೊರುವವರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬರು ಬೆಳ್ಳಕ್ಕಿಯನ್ನು ತೋರಿಸಿ, ಇದು ನಮ್ಮ ಧಕ್ಕೆಯದ್ದೇ ಎಂದರು.

ಕೊಂಡವರೊಬ್ಬರಿಗೆ ಇದು ಸರಿ ಕಾಣಲಿಲ್ಲ. 34 ಎಂದು ಹೇಳಿ ಹೊರಗೆ ಇನ್ನೂ 21 ಬಿಟ್ಟಿದ್ದೀರಲ್ಲ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಪ್ರತಿಯೊಂದಿಗೆ ಕೊಟ್ಟ ಪ್ರಮಾಣಪತ್ರವನ್ನು ವಾಪಸು ಪಡೆದು ಹೊಸದು ಬರೆದುಕೊಟ್ಟೆವು: ತರಿಸಿದ ಹಾಳೆ 75, ಸಂಖ್ಯೆ ಹಾಕಿದವು 34, ಕಲಾವಿದೆಗೆ 2, ಮುದ್ರಕರಿಗೆ 1, ಗೋಡೆಗೆ ಅಂಟಿಸಿದವು 21, ಹರಿದು ಹಾಕಿದವು 17. ಇದನ್ನು ಮೊದಲ ದಿನವೇ ಹೀಗೆ ಬರೆಯಬೇಕಿತ್ತು. ಅದನ್ನು ಓದಿದ ಮೇಲೆ ಅವರು ಗೋದಾಮಿನ ದಾರಿ ಕೇಳಿದರು.

ಕೃಷ್ಣಾಷ್ಟಮಿಯ ಮೊಸರು ಕುಡಿಕೆಯ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ ನಾಲ್ಕು ಮಾತ್ರ ಉಳಿದಿದ್ದವು. ಒಂದರಲ್ಲಿ ಕೆನ್ನೆಯ ಪಕ್ಕದ ಕಾಗದ ಕಿತ್ತುಬಂದು, ಬಿಳಿ ಸೀಳಿದ್ದ ಜಾಗದಲ್ಲಿ ಗೋಡೆಯ ಪಾಚಿ ಕಾಣುತ್ತಿತ್ತು.

ಮುಂದಿನ ಚಿತ್ರದ ಕರಡು ಸಿದ್ಧವಾಗಿದೆ. ಬಣ್ಣಗಳ ಅಂಚು ಎಷ್ಟು ಒಳಗೆ ಹೋಗಬೇಕೆಂದು ಮುದ್ರಕರೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಿದ್ದಾರೆ. ಕೆಲಸ ಜನವರಿಯಲ್ಲಿ. ಎಷ್ಟು ಪ್ರತಿ ಎಂದು ಈಗಾಗಲೇ ಕೇಳುತ್ತಿರುವವರಿಗೆ, ಮುದ್ರಣ ಮುಗಿದ ಮೇಲೆ ಎಣಿಸಿ ಹೇಳುತ್ತೇವೆ ಎಂದಿದ್ದೇನೆ. ಮುಂಗಡ ತೆಗೆದುಕೊಂಡಿಲ್ಲ.